ಯೆಜ್ಡಿ ಗೇರ್‌ಬಾಕ್ಸ್‌ಗೆ 40 ಹಾಕೋದಾ, 90 ಹಾಕೋದಾ?

ಪ್ರಶ್ನೆ: ಅಪ್ಪ ಓಡಿಸ್ತಿದ್ದ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ರೆಡಿ ಮಾಡಿಸ್ತಿದೀನಿ. ಗೇರ್‌ಬಾಕ್ಸ್ ಆಯಿಲ್ ಒಬ್ರು 40 ಅಂತಾರೆ, ಇನ್ನೊಬ್ರು 90 ಅಂತಾರೆ. ಯಾವ್ದು ಹಾಕ್ಲಿ, ಎಷ್ಟು ಹಾಕ್ಲಿ?

40 ಹಾಕಿ. ಎಸ್‌ಎಇ 40 ಇಂಜಿನ್ ಆಯಿಲ್, ಸಿಗ್ಲಿಲ್ಲಾಂದ್ರೆ ಬೈಕ್‌ದೇ 20ಡಬ್ಲ್ಯೂ-50, ಡಬ್ಬಿ ಮೇಲೆ ಜಾಸೋ ಎಂಎ (ಆಯಿಲಲ್ಲಿ ಮುಳುಗಿರೋ ಕ್ಲಚ್‌ಗೆ ಆಗುತ್ತೆ ಅನ್ನೋ ಗುರುತು) ಅಂತ ಇದ್ರೆ ಸಾಕು. ಪೆಟ್ರೋಲ್‌ಗೆ ಬೆರೆಸೋ 2ಟಿ ಆಯಿಲ್‌ಗೂ ಇದಕ್ಕೂ ಸಂಬಂಧ ಇಲ್ಲ, ಅದು ಇಂಜಿನ್‌ಗೆ ಮಾತ್ರ, ಗಾಡಿ ಸರಿ ಇದ್ರೆ ಗೇರ್‌ಬಾಕ್ಸ್ ಕಡೆ ಒಂದು ಹನಿನೂ ಹೋಗಲ್ಲ.

ತಮಾಷೆ ಏನಂದ್ರೆ 90 ಅನ್ನೋದು 40ರ ಡಬಲ್ ಮಂದ ಅಲ್ವೇ ಅಲ್ಲ. ಗೇರ್ ಆಯಿಲ್ ಅಳತೆಪಟ್ಟಿನೇ ಬೇರೆ, ಇಂಜಿನ್ ಆಯಿಲ್‌ದೇ ಬೇರೆ, ಬಿಸಿ ಆದ್ಮೇಲೆ 90ರ ಗೇರ್ ಆಯಿಲ್ ಹೆಚ್ಚುಕಡಿಮೆ 40-50ರ ಇಂಜಿನ್ ಆಯಿಲ್ ಥರಾನೇ ಹರಿಯುತ್ತೆ. ತಕರಾರು ಇರೋದು ಒಳಗೆ ಬೆರೆಸಿರೋ ಕೆಮಿಕಲ್‌ದು. ಮೈಸೂರಿನ ಯಾದವಗಿರೀಲಿ ತಯಾರಾದ ಈ ಗಾಡಿಗಳಲ್ಲಿ ಕ್ಲಚ್ಚೂ ಗೇರೂ ಒಂದೇ ಆಯಿಲಲ್ಲಿ ಮುಳುಗಿರುತ್ತೆ, ಕ್ಲಚ್ ಪ್ಲೇಟ್‌ಗೆ ಇರೋದು ಕಾರ್ಕು. ಇಪಿ ಗೇರ್ ಆಯಿಲ್ (ಭಾರಿ ಒತ್ತಡ ತಡೆಯೋಕೆ ಕೆಮಿಕಲ್ ಬೆರೆಸಿದ್ದು, 90 ಅಂತ ಸಿಗೋದು ಸಾಮಾನ್ಯವಾಗಿ ಇದೇ) ಮಾಡಿರೋದು ಲಾರಿ ಆಕ್ಸಲ್ ಥರದ್ದಕ್ಕೆ, ಇಂಥ ಕ್ಲಚ್‌ಗಲ್ಲ, ಅದರಲ್ಲಿರೋ ಗಂಧಕ ಜಾಸ್ತಿ ಇದ್ರೆ, ಅದ್ರಲ್ಲೂ ಜಿಎಲ್-5 ಅನ್ನೋ ದರ್ಜೆ ಆದ್ರೆ, ಕಂಚಿನ ಬುಷ್ ಕೂಡ ನಿಧಾನಕ್ಕೆ ತಿನ್ನುತ್ತೆ.

ಕಾರಿನ ಆಯಿಲಂತೂ ಬೇಡವೇ ಬೇಡ. ಒಂದ್ಸಲ ಅಂಗಡೀಲಿ ಕೊಟ್ರು ಅಂತ ತೆಳ್ಳನೆ ಕಾರ್ ಆಯಿಲ್ ಹಾಕ್ಬಿಟ್ಟೆ, ಊರೊಳಗೆ ಏನೂ ಗೊತ್ತಾಗ್ಲಿಲ್ಲ, ಚಾಮುಂಡಿ ಬೆಟ್ಟ ಹತ್ತೋವಾಗ ಕ್ಲಚ್ ಜಾರಿ ಇಂಜಿನ್ ಕಿರುಚ್ತಿದೆ, ಗಾಡಿ ಮಾತ್ರ ಮುಂದಕ್ಕೆ ಹೋಗ್ತಿಲ್ಲ, ಹಿಂದೆ ಕೂತಿದ್ದ ತಮ್ಮ ಇಳಿದು ನಡ್ಕೊಂಡೇ ಬಂದ. ಪ್ಲೇಟೆಲ್ಲ ಬಿಚ್ಚಿ ತೊಳೆದ್ಮೇಲೇ ಸರಿ ಹೋಯ್ತು.

ಎಷ್ಟು ಅಂದ್ರೆ ಹತ್ತತ್ರ ಒಂದು ಲೀಟರ್. ಆದ್ರೆ ಲೀಟರ್ ಲೆಕ್ಕ ನಂಬ್ಕೊಂಡು ಸುರೀಬೇಡಿ. ನಾಲ್ಕೈದು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಸಮತಟ್ಟು ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ಕೆಳಗಿನ ಬೋಲ್ಟ್ ಬಿಚ್ಚಿ, ಪೂರ್ತಿ ಸೋರೋಕೆ ಟೈಮ್ ಕೊಡಿ (ಕಾಫಿ ಕುಡ್ಕೊಂಡು ಬನ್ನಿ). ವಾಷರ್ ಹೊಸದು ಹಾಕಿ, ಬೋಲ್ಟ್ ಜಾಸ್ತಿ ಬಿಗಿದ್ರೆ ಅಲ್ಯುಮಿನಿಯಂ ಥ್ರೆಡ್ ಕಿತ್ತೋಗುತ್ತೆ. ಆಮೇಲೆ ಲೆವೆಲ್ ಸ್ಕ್ರೂ ಬಿಚ್ಚಿಟ್ಟು ನಿಧಾನಕ್ಕೆ ಹುಯ್ಯಿರಿ, ಅಲ್ಲಿಂದ ಆಯಿಲ್ ಜಿನುಗಿದ ತಕ್ಷಣ ನಿಲ್ಲಿಸಿ.

ಹಳೇ ಆಯಿಲ್ ಚೆಲ್ಲೋಕೆ ಮುಂಚೆ ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆ ಪುಡಿ ಪರವಾಗಿಲ್ಲ, ಚುಚ್ಚೋ ಅಂಥ ಚೂರು ಸಿಕ್ರೆ ಗೇರ್ ಹಲ್ಲು ಹೋಗಿರಬಹುದು, ಕಂದು ಬಣ್ಣದ ಮೆತ್ತನೆ ತುಣುಕು ಇದ್ರೆ ಕಾರ್ಕ್ ಉದುರ್ತಿದೆ. ಪೆಟ್ರೋಲ್ ವಾಸನೆ ಬಂದ್ರೆ, ಅಥವಾ ಹೊಸ ಆಯಿಲ್ ಹಾಕಿದ್ಮೇಲೆ ಸೈಲೆನ್ಸರಲ್ಲಿ ಬಿಳಿ ಹೊಗೆ ನಿಲ್ಲದೆ ಬಂದು ಲೆವೆಲ್ ಇಳೀತಾ ಹೋದ್ರೆ, ಕ್ಲಚ್ ಕಡೆ ಕ್ರ್ಯಾಂಕ್ ಸೀಲ್ (ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ಮಧ್ಯೆ ಆಯಿಲ್ ತಡೆಯೋ ರಬ್ಬರ್) ಹೋಗಿದೆ ಅಂತ ಲೆಕ್ಕ. ಇಷ್ಟು ಹಳೇ ಗಾಡಿ ಆದ್ರಿಂದ ಆ ರಬ್ಬರ್ ಸೆಟೆದುಕೊಂಡಿರೋ ಚಾನ್ಸೇ ಜಾಸ್ತಿ, ಹೆಂಗೂ ಇಂಜಿನ್ ಇಳಿಸಿದ್ರೆ ಎರಡೂ ಕಡೆ ಸೀಲ್ ಹೊಸದು ಹಾಕ್ಸಿಬಿಡಿ.