ಸಿಸ್ ಹೈಪರ್‌ವೈಸರ್ ಅಂದರೆ ಏನು?

ಕ್ಲೌಡ್‌ನಲ್ಲಿ ಬಾಡಿಗೆಗೆ ತಗೊಂಡ ಲಿನಕ್ಸ್ ಸರ್ವರ್ ಸಾಮಾನ್ಯವಾಗಿ ವರ್ಚುವಲ್ ಮಷೀನ್ ಆಗಿರುತ್ತದೆ. ಒಂದು ದೊಡ್ಡ ಯಂತ್ರವನ್ನು ಹೀಗೆ ಪಾಲು ಮಾಡಿ ಹಂಚುವ ಸಾಫ್ಟ್‌ವೇರ್‌ಗೆ ಹೈಪರ್‌ವೈಸರ್ ಅಂತಾರೆ. ಅದು ಯಾವುದು ಅಂತ ಒಳಗೆ ಕೂತ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಬೂಟ್ ಆಗುವಾಗಲೇ ಗೊತ್ತಾಗುತ್ತದೆ. ಆದರೆ ನಾವು ನಡೆಸುವ ಪ್ರೋಗ್ರಾಂಗಳು ಇರೋದು ಕರ್ನಲ್‌ನ ಹೊರಗೆ, ಅಂದರೆ ಯೂಸರ್ ಸ್ಪೇಸ್‌ನಲ್ಲಿ. ಅವುಗಳಿಗೂ ಈ ಸುದ್ದಿ ಸಿಗಲಿ ಅಂತ ಕರ್ನಲ್ ಕೆಲವು ಫೈಲ್‌ಗಳನ್ನು ತೋರಿಸುತ್ತದೆ. ಆ ಫೈಲ್‌ಗಳ ಜಾಗವೇ ಸಿಸ್ ಡೈರೆಕ್ಟರಿಯ ಒಳಗಿನ ಹೈಪರ್‌ವೈಸರ್ ಫೋಲ್ಡರ್.

ಇವು ಡಿಸ್ಕ್‌ನಲ್ಲಿ ಇರುವ ಫೈಲ್‌ಗಳಲ್ಲ, ನೀವು ಕ್ಯಾಟ್ ಕಮಾಂಡ್‌ನಿಂದ ಓದಿದಾಗ ಕರ್ನಲ್ ಆಗಲೇ ಉತ್ತರ ಬರೆದು ಕೊಡುತ್ತದೆ. ಝೆನ್ ಅನ್ನೋ ಹೈಪರ್‌ವೈಸರ್ ಮೇಲಿನ ಮಷೀನ್‌ನಲ್ಲಿ 'ಟೈಪ್' ಅನ್ನೋ ಫೈಲ್ ತೆರೆದರೆ 'ಝೆನ್' ಅಂತ ಒಂದೇ ಪದ. ಪಕ್ಕದಲ್ಲೇ ವರ್ಷನ್ ಇದೆ, ಆ ಮಷೀನ್‌ನ ಗುರುತಿನ ಸಂಖ್ಯೆಯಾದ ಯುಯುಐಡಿ ಇದೆ.

ಹೆಸರು ನೋಡಿದರೆ ಎಲ್ಲ ಹೈಪರ್‌ವೈಸರ್‌ಗೂ ಇದೇ ಜಾಗ ಅನ್ನಿಸುತ್ತದೆ ಅಲ್ವಾ? ಹಾಗಿಲ್ಲ. ಪಿಸಿ ಮಾದರಿಯ ಸರ್ವರ್‌ಗಳಲ್ಲಿ ಇದನ್ನು ತುಂಬೋದು ಹೆಚ್ಚು ಕಡಿಮೆ ಝೆನ್ ಒಂದೇ. ಕೆವಿಎಂ ಅನ್ನೋ ಇನ್ನೊಂದು ಹೈಪರ್‌ವೈಸರ್ ಮೇಲಿದ್ದರೆ ಫೋಲ್ಡರ್ ಖಾಲಿ, ಇಲ್ಲವೇ ಇರೋದೇ ಇಲ್ಲ. ಅಮೆಜಾನ್ ಕ್ಲೌಡ್‌ನ ಹಳೆಯ ಇಸಿ2 ಮಷೀನ್‌ಗಳು ಝೆನ್ ಮೇಲಿದ್ದವು, ಅವುಗಳ ಯುಯುಐಡಿ 'ಇಸಿ2' ಅಂತಲೇ ಶುರುವಾಗುತ್ತಿತ್ತು. ಅದನ್ನೇ ನಂಬಿ ನಾನೂ ಒಂದು ಸ್ಕ್ರಿಪ್ಟ್ ಬರೆದಿದ್ದೆ. 2017ರಲ್ಲಿ ಅಮೆಜಾನ್‌ನ ಹೊಸ ಹೈಪರ್‌ವೈಸರ್, ಕೆವಿಎಂ ಆಧಾರದ ನೈಟ್ರೋ ಬಂತು. ಹೊಸ ಮಷೀನ್‌ಗೆ ಹೋದ ಮೇಲೆ ನನ್ನ ಸ್ಕ್ರಿಪ್ಟ್ 'ಇದು ಕ್ಲೌಡ್ ಅಲ್ಲ' ಅಂತ ಹಠ ಹಿಡಿಯಿತು. ತಪ್ಪು ನಂದೇ: ಫೋಲ್ಡರ್ ಇಲ್ಲ ಅಂದ ಮಾತ್ರಕ್ಕೆ ಹೈಪರ್‌ವೈಸರ್ ಇಲ್ಲ ಅಂದುಕೊಂಡಿದ್ದೆ.

ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ ಇನ್ನೂ ನೇರವಾದ ದಾರಿ ಸಿಪಿಯುಐಡಿ, ಅಂದರೆ ಪ್ರೊಸೆಸರ್‌ನ ವಿವರವನ್ನು ಅದನ್ನೇ ಕೇಳುವ ಸೂಚನೆ. ಅದರ ಉತ್ತರದಲ್ಲಿ 31ನೇ ಬಿಟ್ ಒಂದನ್ನು ಹೈಪರ್‌ವೈಸರ್‌ಗೆ ಅಂತಲೇ ಬಿಟ್ಟಿದ್ದಾರೆ, ನಿಜವಾದ ಯಂತ್ರದಲ್ಲಿ ಅದು ಸೊನ್ನೆ. ಮುಂದೆ ಕೇಳಿದರೆ ಹೈಪರ್‌ವೈಸರ್ 12 ಅಕ್ಷರದ ಸಹಿ ಕೊಡುತ್ತದೆ. ಮೂರು ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಖಾನೆ), ಒಂದೊಂದರಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ. ಜಾಗ ತುಂಬಬೇಕಲ್ಲ, ಅದಕ್ಕೆ ವಿಎಂವೇರ್ ಕಂಪನಿಯ ಹೈಪರ್‌ವೈಸರ್ ತನ್ನ ಹೆಸರನ್ನು ಎರಡು ಸಲ ಹೇಳುತ್ತದೆ, ಕೆವಿಎಂ ಮೂರು ಸಲ ಹೇಳಿದರೂ ಸಾಲದೆ ಕೊನೆಗೆ ಸೊನ್ನೆ ತುಂಬುತ್ತದೆ!

ಇದನ್ನೆಲ್ಲ ಕೈಯಾರೆ ಓದೋ ಅಗತ್ಯ ಇಲ್ಲ. ಎಲ್‌ಎಸ್‌ಸಿಪಿಯು ಕಮಾಂಡ್ ಕೊಟ್ಟರೆ 'ಹೈಪರ್‌ವೈಸರ್ ವೆಂಡರ್' ಅನ್ನೋ ಸಾಲು ಕಾಣುತ್ತದೆ. ಸ್ಕ್ರಿಪ್ಟ್ ಒಳಗೆ ಬೇಕಾದರೆ ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್ ಬಳಸಿ, ಅದು ಸುಮ್ನೆ ಒಂದು ಪದ ಹೇಳಿ ಮುಗಿಸುತ್ತದೆ.