ಬೋರ್‌ನಿಂದ ಬುಸ್ ಅಂದ ಮಾತ್ರಕ್ಕೆ ಗ್ಯಾಸ್ ಅಲ್ಲ

ಪ್ರಶ್ನೆ: ಪಕ್ಕದ ತೋಟದಲ್ಲಿ ಬೋರ್ ಕೊರೆಯುವಾಗ ನಮ್ಮ ಹಳೆ ಬೋರ್‌ನಿಂದ ಬುಸ್ ಅಂತ ಗಾಳಿ ಬಂತು. ಕೆಳಗೆ ಗ್ಯಾಸ್ ಇದೆ, ಇನ್ನು ಅಮೆರಿಕದ ಹಾಗೆ ಫ್ರ್ಯಾಕಿಂಗ್ ಮಾಡಲು (ಆಳದ ಕಲ್ಲು ಸೀಳಿ ಗ್ಯಾಸ್ ತೆಗೆಯಲು) ಕಂಪನಿಯವರು ಬರುತ್ತಾರೆ ಎನ್ನುತ್ತಿದ್ದಾರೆ. ಶಿರಸಿ ಕಡೆಗೂ ಅದು ಬರುತ್ತದಾ?

ಬರುವುದಿಲ್ಲ. ಬೇಸಿಗೆಯಲ್ಲಿ ರಿಗ್ ಲಾರಿಗಳ ಓಡಾಟ ಶುರುವಾದರೆ ಸಾಕು, ಈ ಪ್ರಶ್ನೆಯೂ ಶುರು. ಊರು ಮಾತ್ರ ಬದಲಾಗುತ್ತದೆ: ಒಮ್ಮೆ ಯಲ್ಲಾಪುರ, ಒಮ್ಮೆ ಸಿದ್ದಾಪುರ. ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿಬಿಡಿ.

ಮೊದಲು ಆ ‘ಬುಸ್’. ರಿಗ್ ಜೊತೆ ಕಿವಿ ಕಿತ್ತುಹೋಗುವಷ್ಟು ಸದ್ದು ಮಾಡುತ್ತಾ ಓಡುವುದು ಕಂಪ್ರೆಸರ್. ಅದು ಕೊಳವೆಯೊಳಗೆ ಜೋರಾಗಿ ಗಾಳಿ ನುಗ್ಗಿಸುತ್ತದೆ. ಕೆಳಗೆ ಪುಡಿಯಾದ ಕಲ್ಲು ಆ ಗಾಳಿಯ ಜೊತೆಗೇ ಮೇಲೆ ಬರುತ್ತದೆ. ಸುತ್ತಲಿನ ಅಡಿಕೆ ಸೋಗೆಯ ಮೇಲೆಲ್ಲ ಬೂದಿ ಬಣ್ಣದ ಹಿಟ್ಟು ಕೂರುವುದು ಇದರಿಂದಲೇ. ಇನ್ನು ನಮ್ಮ ಕಡೆ ಆಳದ ಕಲ್ಲಿನಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಒಂದೇ ಬಿರುಕು ಎರಡೂ ಬೋರ್‌ಗೆ ತಾಗಿದ್ದರೆ ಅಲ್ಲಿ ನುಗ್ಗಿಸಿದ ಗಾಳಿ ಇಲ್ಲಿ ಏಳುತ್ತದೆ. ಕೆಲವೊಮ್ಮೆ ಕೆಸರು ನೀರೂ ಚಿಮ್ಮುತ್ತದೆ. ಕಂಪ್ರೆಸರ್ ಆರಿಸಿದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಗಪ್‌ಚುಪ್. ಭೂಮಿಯ ಗ್ಯಾಸೇ ಆಗಿದ್ದರೆ, ರಿಗ್‌ನವರು ಊಟಕ್ಕೆ ಕೂತಾಗ ಅದೂ ಊಟಕ್ಕೆ ಕೂರುತ್ತಿತ್ತಾ?

ನೀವು ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಬೇರೆಯೇ ಇದೆ. ಗಾಳಿ ಬಂತು ಎಂದರೆ ಎರಡೂ ಬೋರ್ ಒಂದೇ ನೀರಿಗೆ ಬಾಯಿ ಹಾಕಿವೆ. ಏಪ್ರಿಲ್‌ನಲ್ಲಿ ಅವರ ಪಂಪ್ ಓಡಿದಾಗ ನಿಮ್ಮ ಬೋರ್‌ನ ನೀರು ಎಷ್ಟು ಇಳಿಯುತ್ತದೆ ನೋಡಿ.

ಇಷ್ಟು ಹೇಳಿದ ಮೇಲೂ ‘ಬಾವಿಗೆ ಇಳಿಸಿದ ದೀಪ ಆರುತ್ತಲ್ಲ, ಅದು ಗ್ಯಾಸ್ ಅಲ್ವಾ’ ಎನ್ನುವವರು ಇದ್ದಾರೆ. ದೀಪ ಆರುವುದು ಅಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ. ಉರಿಯುವ ಗ್ಯಾಸ್ ಇದ್ದರೆ ಭಗ್ ಅನ್ನಬೇಕಿತ್ತು. ದೀಪ ಆರಿದ ಬಾವಿಗೆ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ. ಹಾಗೆಯೇ ಕೆರೆ ಕೆಸರಿನಲ್ಲಿ ಏಳುವ ಗುಳ್ಳೆ. ಅದರಲ್ಲಿ ಮೀಥೇನ್ ಇರುತ್ತದೆ, ನಿಜ. ಆದರೆ ಅದು ಮೊನ್ನೆ ಮೊನ್ನೆ ಬಿದ್ದ ಸೊಪ್ಪು-ಸದೆ ಕೊಳೆತು ಆದದ್ದು. ನಿಮ್ಮ ಗೋಬರ್ ಗ್ಯಾಸ್ ಒಲೆಯಲ್ಲಿ ನೀಲಿಯಾಗಿ ಉರಿಯುವುದೂ ಅದೇ ಮೀಥೇನ್.

ಫ್ರ್ಯಾಕಿಂಗ್ ಮಾಡಿ ತೆಗೆಯುವುದು ಶೇಲ್ ಗ್ಯಾಸ್, ಅಂದರೆ ಕೆಸರು ಗಟ್ಟಿಯಾಗಿ ಆದ ಶೇಲ್ ಕಲ್ಲಿನೊಳಗೆ ಸಿಕ್ಕಿಕೊಂಡ ಗ್ಯಾಸ್. ಅದು ಹಾಗೆ ಆಗುವುದಿಲ್ಲ. ಹಳೆಯ ಕಡಲಿನದೋ ಕೆರೆಯದೋ ತಳದಲ್ಲಿ ಸತ್ತ ಜೀವಿಗಳ ಜೊತೆ ಕೂತ ಕೆಸರು ಆಳಕ್ಕೆ ಹೂತುಹೋಗಿ, ಕೋಟ್ಯಂತರ ವರ್ಷ ಬಿಸಿಗೆ ಹದವಾಗಿ ಬೇಯಬೇಕು. ನಮ್ಮ ಚಿರೆಕಲ್ಲಿನ ಕೆಳಗಿರುವುದು ಬಹುಪಾಲು ನೈಸ್, ಗ್ರಾನೈಟ್, ಶಿಸ್ಟ್ ಎಂಬ, ಅತಿಯಾದ ಬಿಸಿ ಕಂಡ ಗಟ್ಟಿ ಕಲ್ಲುಗಳು. 250 ಕೋಟಿ ವರ್ಷಕ್ಕೂ ಹಳೆಯ ಕಲ್ಲು. ಅಲ್ಲಿ ಯಾವ ಕಂಪನಿ ಬಂದರೂ ಸಿಗುವುದು ಜಲ್ಲಿಯೇ. ಕಾರವಾರದಾಚೆ ಕಡಲ ತಳದಲ್ಲಿ ಕೆಸರು ಕೂತ ಕಲ್ಲು ಇದೆ, ಆ ಮಾತು ಬೇರೆ.

ನಮ್ಮ ದೇಶದಲ್ಲಿ ಶೇಲ್ ಗ್ಯಾಸ್ ಹುಡುಕಿದ್ದು ಖಂಭಾತ್, ಕೃಷ್ಣಾ-ಗೋದಾವರಿ, ಕಾವೇರಿ, ದಾಮೋದರದ ಕಡೆ. 2011ರಲ್ಲಿ ಪಶ್ಚಿಮ ಬಂಗಾಳದ ದುರ್ಗಾಪುರದ ಹತ್ತಿರ ಒಎನ್‌ಜಿಸಿ ಬಾವಿಯಲ್ಲಿ ಗ್ಯಾಸ್ ಬಂತು. 2013ರಲ್ಲಿ ಕೇಂದ್ರದ ನೀತಿಯೂ ಬಂತು. ಮಾರುವ ಮಟ್ಟಕ್ಕೆ ಗ್ಯಾಸ್ ಮಾತ್ರ ಬರಲಿಲ್ಲ.

ಹಾಗಂತ ಜನರ ಭಯವೆಲ್ಲ ಸುಳ್ಳು ಅಂತಲ್ಲ. ಫ್ರ್ಯಾಕಿಂಗ್‌ನಲ್ಲಿ ಒಂದೆರಡು ಕಿಲೋಮೀಟರ್ ಕೆಳಗೆ ಕೊರೆದು, ಅಡ್ಡಕ್ಕೆ ತಿರುಗಿಸಿ, ನೀರು, ಮರಳು, ರಾಸಾಯನಿಕ ಸೇರಿಸಿ ಒತ್ತಡದಲ್ಲಿ ಕಲ್ಲು ಸೀಳುತ್ತಾರೆ. ಒಂದು ಬಾವಿಗೆ ಕೋಟಿ ಲೀಟರಿಗೂ ಜಾಸ್ತಿ ನೀರು ಬೇಕಾಗಬಹುದು. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ 2019ರ ಆಗಸ್ಟ್‌ನಲ್ಲಿ 2.9 ತೀವ್ರತೆಯಲ್ಲಿ ನೆಲ ನಡುಗಿತು. ನವೆಂಬರ್‌ನಲ್ಲಿ ಸರ್ಕಾರ ಕೆಲಸ ನಿಲ್ಲಿಸಿತು. ತಮಿಳುನಾಡಿನ ನೆಡುವಾಸಲ್‌ನಲ್ಲಿ 2017ರಲ್ಲಿ ರೈತರು ಹೈಡ್ರೋಕಾರ್ಬನ್ (ಎಣ್ಣೆ, ಗ್ಯಾಸ್) ಯೋಜನೆ ಬೇಡವೆಂದು ಧರಣಿ ಕೂತರು. ಇದು ಶೇಲ್ ಯೋಜನೆಯೇ ಅಲ್ಲ ಎಂದು ಸರ್ಕಾರ ಹೇಳಿದರೂ ನಂಬಲಿಲ್ಲ. 2020ರಲ್ಲಿ ಕಾವೇರಿ ಮುಖಜ ಭೂಮಿಯನ್ನು ರಕ್ಷಿತ ಕೃಷಿ ವಲಯ ಮಾಡುವ ಕಾನೂನೇ ಬಂತು. ಕೈಗಾ ಅಣು ಸ್ಥಾವರ, ಸೀಬರ್ಡ್ ನೌಕಾನೆಲೆ ನೋಡಿದ ನಮ್ಮ ಜಿಲ್ಲೆಯವರು ‘ಯೋಜನೆ’ ಅಂದ ಕೂಡಲೇ ಅನುಮಾನ ಪಟ್ಟರೆ ತಪ್ಪು ಅನ್ನಲಾರೆ.

ಇಷ್ಟೆಲ್ಲ ಕೇಳುವವರು ಒಂದು ಪ್ರಶ್ನೆ ಮಾತ್ರ ಕೇಳುವುದಿಲ್ಲ. ಗ್ಯಾಸ್ ಸಿಕ್ಕರೆ ದುಡ್ಡು ಯಾರಿಗೆ? ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲದಡಿಯ ಹಕ್ಕು ರೈತನದೇ ಆಗಿದ್ದರೆ ಕಂಪನಿ ಅವನಿಗೆ ಗುತ್ತಿಗೆ ಹಣವನ್ನೂ ರಾಯಲ್ಟಿಯನ್ನೂ (ತೆಗೆದ ಗ್ಯಾಸಿನ ಮೇಲಿನ ಪಾಲು) ಕೊಡುತ್ತದೆ. ಹಕ್ಕನ್ನು ಹಿಂದೆ ಯಾರೋ ಮಾರಿಬಿಟ್ಟಿದ್ದರೆ ಲಾರಿಯ ಧೂಳಷ್ಟೇ ಪಾಲಿಗೆ. ಬೇಲಿಯ ಆಚೆ ಈಚೆ ಮನೆಯವರು ಮಾತು ಬಿಡಲು ಇಷ್ಟು ಸಾಕಲ್ವಾ? ಹೊರಗಿನ ಕೆಲಸಗಾರರು ಬಂದು ಬಾಡಿಗೆ ಏರಿದಾಗ, ಜಮೀನಿಲ್ಲದವರು ಮನೆ ಬಿಡಬೇಕಾಯಿತು.

ನಮ್ಮಲ್ಲಿ ಆ ಜಗಳಕ್ಕೂ ಜಾಗವಿಲ್ಲ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಗೊತ್ತಲ್ಲ, ಸೊಪ್ಪು ನಮ್ಮದು, ನೆಲ ಸರ್ಕಾರದ್ದು. ಇದೂ ಹಾಗೆ, ಒಂದು ಮೆಟ್ಟಿಲು ಕೆಳಗೆ: ನೆಲ ನಿಮ್ಮದಾದರೂ ಅಡಿಯ ಎಣ್ಣೆ, ಗ್ಯಾಸ್ ಸರ್ಕಾರದ್ದು. ಗೋದಾವರಿ ಕಡೆಯ ರೈತನಿಗೆ ಸಿಗುವುದು ಜಾಗದ ಮತ್ತು ಬೆಳೆಯ ಪರಿಹಾರ. ರಾಯಲ್ಟಿ ಹೋಗುವುದು ರಾಜ್ಯದ ಖಜಾನೆಗೆ.