ಪ್ರೊಗ್ನಾಸ್ಟಿಕ್ ಮಾರ್ಕರ್: ಯಾರ ಬಗ್ಗೆ, ಯಾವ ಪ್ರಶ್ನೆಗೆ

“ಗರ್ಭಕಂಠದ ಕ್ಯಾನ್ಸರ್ ಬರುತ್ತದೋ ಇಲ್ಲವೋ ಹೇಳುವ ಜೀನ್ ಸಿಕ್ಕಿತು” ಅನ್ನುವ ಧಾಟಿಯ ತಲೆಬರಹಗಳು ನಿಲ್ಲುವ ಹಾಗೆ ಕಾಣುವುದಿಲ್ಲ. ಸುದ್ದಿಯ ಒಳಗೆ ಇಳಿದರೆ ಬೇರೆಯೇ ಕಥೆ ಇರುತ್ತದೆ. ಸಂಶೋಧಕರು ನೋಡಿರುವುದು ಆಗಲೇ ಕ್ಯಾನ್ಸರ್ ಬಂದವರ ಗಡ್ಡೆಯನ್ನು. ಚಿಕಿತ್ಸೆ ಮುಗಿದ ಮೇಲೆ ಯಾರಿಗೆ ಕಾಯಿಲೆ ತಿರುಗಿ ಬಂತು, ಯಾರು ಎಷ್ಟು ವರ್ಷ ಬದುಕಿದರು ಎಂಬುದು ಅವರ ಪ್ರಶ್ನೆ. ಆರೋಗ್ಯವಾಗಿರುವವರ ಮಾತೇ ಅಲ್ಲಿಲ್ಲ. ಆದರೂ ಓದಿದವರು ‘ನಾನೂ ಈ ಟೆಸ್ಟ್ ಮಾಡಿಸಬೇಕಾ?’ ಅಂತ ಕೇಳುತ್ತಾರೆ. ಕೇಳದೆ ಇನ್ನೇನು ಮಾಡುತ್ತಾರೆ, ತಲೆಬರಹ ಹೇಳಿದ್ದೇ ಹಾಗಲ್ವಾ?

ಇಲ್ಲಿ ಎಡವಟ್ಟಾಗಿರುವುದು ‘ಪ್ರೊಗ್ನಾಸ್ಟಿಕ್ ಮಾರ್ಕರ್’ ಅನ್ನುವ ಪದ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತು ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಸೇರಿ 2016ರಲ್ಲಿ ಹೊರತಂದ ಪದಕೋಶದಲ್ಲಿ ಬಯೋಮಾರ್ಕರ್‌ಗಳನ್ನು, ಅಂದರೆ ದೇಹದ ಅಥವಾ ಕಾಯಿಲೆಯ ಸ್ಥಿತಿ ತೋರಿಸುವ, ಅಳೆಯಬಹುದಾದ ಗುರುತುಗಳನ್ನು, 7 ಬಗೆಯಾಗಿ ಬಿಡಿಸಿಟ್ಟಿದ್ದಾರೆ. ಏಳೂ ನಮಗೆ ಬೇಡ. ರಿಸ್ಕ್, ಪ್ರೊಗ್ನಾಸ್ಟಿಕ್, ಪ್ರಿಡಿಕ್ಟಿವ್, ಈ ಮೂರನ್ನು ಒಂದಕ್ಕೊಂದು ಬೆರೆಸದಿದ್ದರೆ ಸಾಕು. ಕಾಯಿಲೆ ಇಲ್ಲದವರಿಗೆ ಅದು ಬರುವ ಸಾಧ್ಯತೆ ಎಷ್ಟು ಅನ್ನುವುದು ರಿಸ್ಕ್. ಕಾಯಿಲೆ ಬಂದವರಲ್ಲಿ ಅದು ಮುಂದೆ ಹೇಗೆ ಸಾಗಬಹುದು ಅನ್ನುವುದು ಪ್ರೊಗ್ನಾಸ್ಟಿಕ್. ಒಂದು ನಿರ್ದಿಷ್ಟ ಚಿಕಿತ್ಸೆಯಿಂದ ಯಾರಿಗೆ ಜಾಸ್ತಿ ಲಾಭ ಅನ್ನುವುದು ಪ್ರಿಡಿಕ್ಟಿವ್. ಮೂರನ್ನೂ ‘ಮುನ್ಸೂಚಕ’ ಅಂತ ಒಂದೇ ಪದದಲ್ಲಿ ಕಟ್ಟಿಬಿಟ್ಟರೆ ಗೊಂದಲ ಶುರು.

ಗರ್ಭಕಂಠದ ಕ್ಯಾನ್ಸರಿನ ರಿಸ್ಕ್ ತಿಳಿಯಲು ಮುಖ್ಯವಾಗಿ ಹುಡುಕುವುದು ನಮ್ಮ ಜೀನನ್ನಲ್ಲ, ವೈರಸ್ಸಿನ ಡಿಎನ್‌ಎಯನ್ನು. ಈ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲ ಸಲವೂ ಎಚ್‌ಪಿವಿ ಅನ್ನುವ ವೈರಸ್ಸಿನ ಸೋಂಕಿನಿಂದ ಬರುತ್ತದೆ. ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸೆನ್ ಅವರ ತಂಡ 1983ರಲ್ಲಿ ಎಚ್‌ಪಿವಿಯ 16ನೇ ಬಗೆಯನ್ನೂ ಮರುವರ್ಷ 18ನೇ ಬಗೆಯನ್ನೂ ಗಡ್ಡೆಗಳಲ್ಲಿ ಗುರುತಿಸಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಂತ ಎಚ್‌ಪಿವಿ ಟೆಸ್ಟ್ ಪಾಸಿಟಿವ್ ಬಂದರೆ ಕ್ಯಾನ್ಸರ್ ಅಂತಲ್ಲ. ಹೆಚ್ಚಿನ ಸೋಂಕುಗಳು ಒಂದೆರಡು ವರ್ಷದಲ್ಲಿ ತಾವಾಗಿಯೇ ಹೋಗುತ್ತವೆ. ಹೋಗದೆ ಉಳಿದುಕೊಳ್ಳುವ ಸೋಂಕೇ ತೊಂದರೆ.

ಇನ್ನು ‘ಜೆನೆಟಿಕ್’ ಅನ್ನುವ ಮುಂಪದ. ಇದನ್ನು ಓದಿದ ಕೂಡಲೇ ತಲೆಗೆ ಬರುವುದು ಅಮ್ಮನಿಂದ ಮಗಳಿಗೆ ಇಳಿದದ್ದು ಅಂತ. ನಾವು ಬಳಸುವ ‘ವಂಶವಾಹಿ’ಯೂ ಆ ಕಡೆಗೇ ತಳ್ಳುತ್ತದೆ. ಆದರೆ ಈ ಕ್ಯಾನ್ಸರಿನ ಮಾರ್ಕರ್ ಸುದ್ದಿಗಳಲ್ಲಿ ಬರುವ ಬದಲಾವಣೆಗಳು ಬಹುಪಾಲು ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುವಂಥವು. ಪಿಐಕೆ3ಸಿಎ ಅನ್ನುವ ಜೀನನ್ನೇ ನೋಡಿ. ಕ್ಯಾನ್ಸರ್ ಗಡ್ಡೆಗಳ ಜೀನ್ ವಿವರ ಕಲೆಹಾಕುವ ಅಮೆರಿಕದ ಟಿಸಿಜಿಎ ಯೋಜನೆ 2017ರಲ್ಲಿ 228 ಗಡ್ಡೆಗಳ ವಿವರ ಪ್ರಕಟಿಸಿತು. ಸುಮಾರು ಕಾಲು ಭಾಗದಲ್ಲಿ ಈ ಜೀನ್ ಬದಲಾಗಿತ್ತು. ಪದೇ ಪದೇ ಕಾಣುವ ಬದಲಾವಣೆಯೊಂದರಲ್ಲಿ ಪ್ರೋಟೀನಿನ 545ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಲೈಸಿನ್ ಬಂದು ಕೂತಿರುತ್ತದೆ. ಇದಕ್ಕೆ ಕಾರಣ ಹುಡುಕಿದರೆ ಬೆರಳು ತೋರುವುದು ಅಪೊಬೆಕ್ ಕಿಣ್ವಗಳ ಕಡೆ. ವೈರಸ್ಸಿನ ಡಿಎನ್‌ಎ ಕೆಡಿಸುವುದು ಇವುಗಳ ಕೆಲಸ. ಆ ಭರದಲ್ಲಿ ನಮ್ಮ ಡಿಎನ್‌ಎಗೂ ಪೆಟ್ಟು ಕೊಡುತ್ತವೆ. ಅಂದರೆ ಬದಲಾವಣೆ ಹುಟ್ಟಿದ್ದು ಆ ಒಂದು ಅಂಗದಲ್ಲಿ, ರೋಗಿ ಹುಟ್ಟಿ ಎಷ್ಟೋ ವರ್ಷಗಳಾದ ಮೇಲೆ. ರೋಗಿಯ ತಂಗಿ ತನ್ನ ರಕ್ತದಲ್ಲಿ ಅದನ್ನು ಹುಡುಕಿಸಿದರೆ ದುಡ್ಡು ದಂಡ.

ಇದಕ್ಕೆ ಹೊರತಾದದ್ದೂ ಇದೆ, ಮತ್ತು ಅದೇ ಒಳ್ಳೆಯ ಉದಾಹರಣೆ. ಎಸ್‌ಟಿಕೆ11 ಅನ್ನುವ ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಪಾಯ್ಟ್ಸ್–ಯೆಘರ್ಸ್ ಅನ್ನುವ ಅಪರೂಪದ ಕಾಯಿಲೆ. ಅಂಥವರಲ್ಲಿ ಗರ್ಭಕಂಠದ ಒಂದು ಜಾತಿಯ ಅಡಿನೋಕಾರ್ಸಿನೋಮ (ಗ್ರಂಥಿಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಇಲ್ಲಿ ಎಸ್‌ಟಿಕೆ11 ರಿಸ್ಕ್ ಮಾರ್ಕರ್. ಇದೇ ಜೀನ್ ಹುಟ್ಟಿನಲ್ಲಿ ಸರಿಯಿದ್ದು ಗಡ್ಡೆಯಲ್ಲಿ ಮಾತ್ರ ಕೆಟ್ಟಿದ್ದರೆ? ಅಂಥ ಗಡ್ಡೆಗಳು ಬೇಗ ಮುಂದುವರಿದದ್ದನ್ನು ಸಂಶೋಧಕರು ಕಂಡಿದ್ದಾರೆ. ಅಲ್ಲಿ ಅದು ಪ್ರೊಗ್ನಾಸ್ಟಿಕ್. ಜೀನಿನ ಹೆಸರೊಂದನ್ನೇ ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಕಿರಿಕಿರಿ ಮಾಡುವ ಜೋಡಿಗೆ ಬರುತ್ತೇನೆ: ಪ್ರೊಗ್ನಾಸ್ಟಿಕ್ ಮತ್ತು ಪ್ರಿಡಿಕ್ಟಿವ್. ಇವೆರಡನ್ನು ಪತ್ರಿಕೆಗಳಷ್ಟೇ ಅಲ್ಲ, ಸಂಶೋಧನಾ ಲೇಖನಗಳೂ ಅದಲುಬದಲು ಮಾಡುತ್ತವೆ. ಲೆಕ್ಕಕ್ಕೆಂದು ‘ಕ’ ಅನ್ನುವ ಮಾರ್ಕರ್ ಇದೆ ಅಂದುಕೊಳ್ಳಿ. ಹಳೆಯ ಚಿಕಿತ್ಸೆಯಲ್ಲಿ ‘ಕ’ ಇರುವ 100 ಜನರಲ್ಲಿ 50 ಜನ 5 ವರ್ಷ ದಾಟಿದರು, ಇಲ್ಲದವರಲ್ಲಿ 70. ಹೊಸ ಔಷಧ ಸೇರಿಸಿದಾಗ ಇದ್ದವರಲ್ಲಿ 60, ಇಲ್ಲದವರಲ್ಲಿ 80. ಔಷಧದ ಲಾಭ ಎರಡೂ ಕಡೆ ಒಂದೇ, 10. ‘ಕ’ ಇರುವವರ ದಾರಿ ಕಷ್ಟದ್ದು, ನಿಜ. ಆದರೆ ಔಷಧ ಯಾರಿಗೆ ಕೊಡಬೇಕು ಅನ್ನುವುದಕ್ಕೆ ‘ಕ’ ಉತ್ತರ ಕೊಡುವುದಿಲ್ಲ. ಅದು ಬರೀ ಪ್ರೊಗ್ನಾಸ್ಟಿಕ್. ಈಗ ‘ಖ’ ನೋಡಿ. ಔಷಧ ಸೇರಿಸಿದಾಗ ‘ಖ’ ಇದ್ದವರು 50ರಿಂದ 75ಕ್ಕೆ ಏರಿದರು, ಇಲ್ಲದವರು 70ರಲ್ಲೇ ನಿಂತರು. ಇದು ಪ್ರಿಡಿಕ್ಟಿವ್. ‘ಕ’ವನ್ನು ‘ಖ’ ಅಂತ ತಿಳಿದು ಔಷಧ ಹಂಚಿದರೆ, ಲಾಭ ಆಗುವವರಿಗೆ ಔಷಧ ತಪ್ಪಿಹೋಗುತ್ತದೆ.

ಲೆಕ್ಕದಲ್ಲಿ 4 ಗುಂಪು ಬೇಕಾಯಿತು ಗಮನಿಸಿ. ಮಾರ್ಕರ್ ಇದ್ದವರು, ಇಲ್ಲದವರು; ಔಷಧ ಪಡೆದವರು, ಪಡೆಯದವರು. ಗರ್ಭಕಂಠದ ಕ್ಯಾನ್ಸರಿನಲ್ಲಿ ಪೇಚಿರುವುದೇ ಇಲ್ಲಿ. 1999ರಿಂದ ಈಚೆಗೆ, ಗಡ್ಡೆ ಅಕ್ಕಪಕ್ಕಕ್ಕೆ ಹಬ್ಬಿದ ಹಂತದಲ್ಲಿ ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧ ಕೊಡುವುದೇ ವಾಡಿಕೆ. ಎಲ್ಲರಿಗೂ ಅದೇ ಚಿಕಿತ್ಸೆ ಸಿಕ್ಕಿರುವಾಗ, ಯಾವುದೋ ಜೀನ್ ಬದಲಾದವರಿಗೆ ಕಾಯಿಲೆ ಮರಳಿದರೆ ‘ಈ ಜೀನ್ ಇದ್ದರೆ ರೇಡಿಯೇಷನ್ ನಾಟುವುದಿಲ್ಲ’ ಅಂತ ಹೇಗೆ ಹೇಳುತ್ತೀರಿ? ಗಡ್ಡೆಯೇ ಉಗ್ರವಾಗಿದ್ದಿರಬಹುದು. ಹೋಲಿಸಲು ಇನ್ನೊಂದು ಗುಂಪೇ ಇಲ್ಲ. ಆದರೂ ಬರೆಯುತ್ತಾರೆ.

ನಿಜಕ್ಕೂ ಚಿಕಿತ್ಸೆಯ ತೀರ್ಮಾನಕ್ಕೆ ಮುಖ್ಯವಾಗಿ ಬಳಕೆಯಾಗುತ್ತಿರುವುದು ಪಿಡಿ-ಎಲ್1, ರೋಗನಿರೋಧಕ ಕೋಶಗಳ ದಾಳಿಯನ್ನು ತಡೆಯುವ ಪ್ರೋಟೀನ್. ಇದೂ ಜೀನ್ ಟೆಸ್ಟ್ ಅಲ್ಲ, ಪ್ರೋಟೀನಿಗೆ ಬಣ್ಣ ಹಚ್ಚಿ ನೋಡುವುದು. ಗಡ್ಡೆಯ ತೆಳು ಪದರವನ್ನು ಗಾಜಿನ ಮೇಲೆ ಹರಡಿ, ಪಿಡಿ-ಎಲ್1ಗೆ ಅಂಟುವ ಆಂಟಿಬಾಡಿ ಹಾಕುತ್ತಾರೆ. ಪ್ರೋಟೀನ್ ಇದ್ದ ಕಡೆ ಕಂದು ಬಣ್ಣ ಹತ್ತುತ್ತದೆ. ಪೆಥಾಲಜಿಸ್ಟ್ ಬಣ್ಣ ಹತ್ತಿದ ಗಡ್ಡೆಕೋಶಗಳನ್ನು ಎಣಿಸುತ್ತಾರೆ. ಲಿಂಫೊಸೈಟ್, ಮ್ಯಾಕ್ರೊಫೇಜ್ ಅನ್ನುವ ರೋಗನಿರೋಧಕ ಕೋಶಗಳಿಗೆ ಬಣ್ಣ ಹತ್ತಿದ್ದರೆ ಅವನ್ನೂ ಸೇರಿಸುತ್ತಾರೆ. ಆ ಮೊತ್ತವನ್ನು ಜೀವಂತ ಗಡ್ಡೆಕೋಶಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಸಿಗುವ ಅಂಕವೇ ಸಿಪಿಎಸ್. ಅಂದರೆ 100 ಗಡ್ಡೆಕೋಶಕ್ಕೆ ಬಣ್ಣ ಹತ್ತಿದ ಒಂದೇ ಒಂದು ಕೋಶ ಸಿಕ್ಕರೂ ಸಿಪಿಎಸ್ 1. ಮರುಕಳಿಸಿದ ಅಥವಾ ದೂರಕ್ಕೆ ಹರಡಿದ ಕಾಯಿಲೆಗೆ, ಕೀಮೋ ನಂತರ ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೊಥೆರಪಿ ಔಷಧ ಕೊಡಲು 2018ರಲ್ಲಿ ಎಫ್‌ಡಿಎ ಇಟ್ಟ ಹೊಸ್ತಿಲು ಇಷ್ಟೇ: ಸಿಪಿಎಸ್ 1 ಅಥವಾ ಹೆಚ್ಚು. 2024ರಲ್ಲಿ ಇದೇ ಔಷಧವನ್ನು ಮುಂದುವರಿದ ಹಂತದವರಿಗೆ ಕೀಮೋ-ರೇಡಿಯೇಷನ್ ಜೊತೆ ಕೊಡಲು ಒಪ್ಪಿದಾಗ ಪಿಡಿ-ಎಲ್1 ಷರತ್ತನ್ನೇ ಹಾಕಲಿಲ್ಲ. ಅದೇ ಔಷಧ, ಅದೇ ಕ್ಯಾನ್ಸರ್, ಸಂದರ್ಭ ಬೇರೆ. ‘ಪ್ರಿಡಿಕ್ಟಿವ್’ ಅಂದ ತಕ್ಷಣ ‘ಯಾವ ಸಂದರ್ಭದಲ್ಲಿ?’ ಅಂತ ಕೇಳಲೇಬೇಕು.

‘7 ಜೀನ್ ಸಿಗ್ನೇಚರ್’, ‘9 ಜೀನ್ ಸಿಗ್ನೇಚರ್’ ಅಂತ, ಒಂದಷ್ಟು ಜೀನ್‌ಗಳನ್ನು ಒಟ್ಟಿಗೆ ಸೇರಿಸಿ ಮುಂದಿನದ್ದು ಹೇಳುತ್ತೇವೆ ಅನ್ನುವ ಲೇಖನಗಳ ಬಗ್ಗೆ ನನಗೆ ತಾಳ್ಮೆ ಕಡಿಮೆ. ಸಾವಿರಾರು ಜೀನ್‌ಗಳು, ಕೆಲವೇ ನೂರು ರೋಗಿಗಳು. ಸುಮ್ನೆ ಜಾಲಾಡಿದರೂ ಸಾವಿನ ಲೆಕ್ಕಕ್ಕೆ ಹೊಂದುವ ಒಂದಷ್ಟು ಜೀನ್ ಸಿಕ್ಕೇ ಸಿಗುತ್ತವೆ. ಬೇರೆಯವರು ಅದೇ ಟಿಸಿಜಿಎ ಮಾಹಿತಿಯನ್ನು ಇನ್ನೊಂದು ರೀತಿಯಲ್ಲಿ ಜಾಲಾಡಿದರೆ ಬೇರೆಯೇ ಪಟ್ಟಿ. ಬೇರೆ ಆಸ್ಪತ್ರೆಯ, ಬೇರೆ ರೋಗಿಗಳಲ್ಲಿ ಪರೀಕ್ಷಿಸಿ ನಿಂತಿತೇ ಎಂಬುದೇ ಅಸಲಿ ಪ್ರಶ್ನೆ. ಸ್ತನ ಕ್ಯಾನ್ಸರಿನಲ್ಲಿ 21 ಜೀನ್‌ಗಳ ಟೆಸ್ಟ್ ಆ ಹಾದಿ ದಾಟಿ ದಿನನಿತ್ಯದ ಬಳಕೆಗೆ ಬಂದಿದೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಅಂಥದ್ದು ಇನ್ನೂ ಬಂದಿಲ್ಲ. ಇಲ್ಲಿ ಮುಂದಿನ ದಾರಿ ಹೇಳುವುದು ಈಗಲೂ ಕಾಯಿಲೆಯ ಹಂತ, ಗಡ್ಡೆಯ ಗಾತ್ರ, ದುಗ್ಧಗ್ರಂಥಿಗೆ ಹರಡಿದೆಯೇ ಎಂಬುದು. ದುಗ್ಧಗ್ರಂಥಿಗೆ ಹರಡಿದ್ದಕ್ಕೆ ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೊ 2018ರಲ್ಲಿ 3ಸಿ ಅಂತ ಬೇರೆ ಹಂತವನ್ನೇ ಕೊಟ್ಟಿದೆ. ಹೊಸ ಮಾರ್ಕರ್ ಇವೆಲ್ಲ ಗೊತ್ತಿದ್ದ ಮೇಲೂ ಹೆಚ್ಚಿಗೆ ಏನಾದರೂ ಹೇಳಬೇಕು. ಇಲ್ಲವಾದರೆ ಸ್ಕ್ಯಾನ್‌ನಲ್ಲಿ ಕಂಡದ್ದನ್ನೇ ದುಬಾರಿಯಾಗಿ ಇನ್ನೊಮ್ಮೆ ಕೇಳಿದ ಹಾಗೆ.

ಕೊನೆಗೆ, ಇಂಥ ಲೇಖನಗಳಲ್ಲಿ ಕಾಣುವ ‘ಹಜಾರ್ಡ್ ರೇಷಿಯೊ 2’ ಅನ್ನುವ ಸಂಖ್ಯೆ. ಇದನ್ನು ‘ಆಯಸ್ಸು ಅರ್ಧ’ ಅಂತ ಓದುವವರಿದ್ದಾರೆ. ಎರಡು ಗುಂಪುಗಳನ್ನು ಪಕ್ಕಪಕ್ಕ ಇಟ್ಟಾಗ, ಯಾವುದೇ ಹೊತ್ತಿನಲ್ಲಿ ಒಂದು ಗುಂಪಿನಲ್ಲಿ ಸಾವು ಅಥವಾ ಮರುಕಳಿಕೆಯ ವೇಗ ಇನ್ನೊಂದರ ಎರಡರಷ್ಟು ಅಂತ ಅದರ ಅರ್ಥ. ಆ ‘ಕೆಟ್ಟ’ ಗುಂಪಿನಲ್ಲೂ ಪೂರ್ತಿ ಗುಣವಾದವರು ಇರುತ್ತಾರೆ, ‘ಒಳ್ಳೆಯ’ ಗುಂಪಿನಲ್ಲೂ ಉಳಿಯದವರು ಇರುತ್ತಾರೆ. ವರದಿ ಹಿಡಿದು ಕೂತ ಒಬ್ಬರು ಯಾವ ಕಡೆ ಬೀಳುತ್ತಾರೆ ಅನ್ನುವುದು ಆ ಸಂಖ್ಯೆಯಲ್ಲಿ ಇರುವುದಿಲ್ಲ.